ಆಟದ ಜೀಪು ಮೊದಲು ಬಂದು ನಿಂತ ಅಂಗಳ

ಬೆಳಗಿನ ಐದೂವರೆಯ ಹೊತ್ತು. ಮೀನು ಮಾರುಕಟ್ಟೆಯ ಎದುರು ನಿಲ್ಲಿಸಿದ್ದ ಯಾರದೋ ಸ್ಕೂಟರನ್ನು ಎತ್ತಿಕೊಂಡು ಮೋಕ್ಷಿತಾ ಪರಾರಿಯಾಗುತ್ತಿದ್ದಾಳೆ. ಹಿಂದೆ ಪೊಲೀಸ್ ಜೀಪು. ಬಂದರಿನ ರಸ್ತೆ ದಾಟಿ, ಐಸ್ ಪ್ಲಾಂಟಿನ ಪಕ್ಕದ ಓಣಿಗೆ ನುಗ್ಗಿ, ಒಂದು ಬಾವಿಕಟ್ಟೆಯನ್ನು ಬಳಸಿ ತಿರುಗುತ್ತಾಳೆ. ಜೀಪು ತಿರುಗುವುದಿಲ್ಲ. ಅದರ ಮುಂದಿನ ಚಕ್ರ ಕಟ್ಟೆಯ ಮೇಲೇರಿ ಅಲ್ಲೇ ಗರಗರ ಸುತ್ತುತ್ತದೆ. ಒಳಗಿರುವ ಪೊಲೀಸರು ಇಳಿಯುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಸೈರನ್ ಮಾತ್ರ ಕೂಗುತ್ತಲೇ ಇದೆ. ಮೋಕ್ಷಿತಾ ಸ್ಕೂಟರು ನಿಲ್ಲಿಸಿ ಹಿಂದೆ ನೋಡುತ್ತಾಳೆ. ಆಮೇಲೆ ಕಂಪ್ಯೂಟರಿನಿಂದ ಕೈ ತೆಗೆದು, ಆರಿದ ಕರಿ ಚಹಾವನ್ನು ಒಂದು ಗುಟುಕು ಕುಡಿದು, ಜೀಪು ಎಲ್ಲಿ ಸಿಕ್ಕಿಕೊಂಡಿತು, ಯಾಕೆ ಸಿಕ್ಕಿಕೊಂಡಿತು ಎಂದು ಬೆರಳಚ್ಚು ಮಾಡತೊಡಗುತ್ತಾಳೆ. ಹೊರಗೆ ಅವಳ ತಾಯಿ ಕಮಲ ಪಂಚಾಯತಿನ ನಳ್ಳಿಗೆ ಕೊಡ ಹಿಡಿದಿದ್ದಾರೆ. ಮಗಳು ಕದ್ದದ್ದನ್ನೂ ಓಡಿದ್ದನ್ನೂ ಅವರು ಕಿಟಕಿಯಿಂದ ನೋಡಿದ್ದಾರೆ. ಅವರಿಗೆ ಅದು ದಿನದ ಸಂಗತಿ.

ಗಡಿನಾಡಿನ ಕಾರಡ್ಕ ಪಂಚಾಯತಿನ ಕುಂಟಾಲಮೂಲೆಯ ಈ ಪುಟ್ಟ ಮನೆಯಲ್ಲಿ ದಿನ ಹುಟ್ಟುವುದೇ ಹೀಗೆ. ಮೋಕ್ಷಿತಾಳಿಗೆ ಈಗ ಇಪ್ಪತ್ತೇಳು ವರ್ಷ. ಕೊಚ್ಚಿಯ ಒಂದು ಕಂಪೆನಿ ತಯಾರಿಸುವ ವಿಡಿಯೋ ಗೇಮನ್ನು ಮನೆಯಲ್ಲೇ ಕೂತು ಆಡಿ ಆಡಿ, ಅದರ ತಪ್ಪುಗಳನ್ನು ಹುಡುಕಿ ಕೊಡುವುದು ಅವಳ ಉದ್ಯೋಗ. ಆ ಆಟವೆಂದರೆ ಒಂದು ಇಡೀ ಊರು. ಅದರಲ್ಲಿ ಬಂದರು ಇದೆ, ಪೇಟೆ ಇದೆ, ಗುಡ್ಡದ ಮೇಲೆ ಗಲ್ಫಿನ ದುಡ್ಡಿನ ದೊಡ್ಡ ಬಂಗಲೆಗಳಿವೆ, ಗುಡ್ಡದ ಬುಡದಲ್ಲಿ ಒಂದು ಕಾಲನಿ ಇದೆ. ಆಡುವವನು ಮನಸ್ಸು ಬಂದಲ್ಲಿಗೆ ಹೋಗಬಹುದು, ಮನಸ್ಸು ಬಂದದ್ದನ್ನು ಕದಿಯಬಹುದು. ಕದ್ದರೆ ಪೊಲೀಸರು ಬೆನ್ನು ಹತ್ತುತ್ತಾರೆ. ಆ ಬೆನ್ನು ಹತ್ತುವುದು ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವವಳು ಮೋಕ್ಷಿತಾ. ಕಳೆದ ಓಣಂಗೆ ಆಟ ಹೊರಬಂದಿದೆ, ಆದರೂ ತಿದ್ದುವ ಕೆಲಸ ನಿಂತಿಲ್ಲ. ಅದರ ಹೆಸರಾಗಲಿ ಕಂಪೆನಿಯ ಹೆಸರಾಗಲಿ ಇಲ್ಲಿ ಬರೆಯಬಾರದು ಎಂದು ಅವಳು ಕೇಳಿಕೊಂಡಿದ್ದಾಳೆ. ಅವಳು ಹೇಳಲು ಒಪ್ಪಿದ್ದು ತನ್ನ ಕೆಲಸದ ಬಗ್ಗೆ, ಮತ್ತು ಆ ಕೆಲಸದಲ್ಲಿ ತನ್ನಿಂದಾದ ಒಂದು ತಪ್ಪಿನ ಬಗ್ಗೆ. ಆ ತಪ್ಪನ್ನು ಹೇಳುವಾಗ ಅವಳು ಎದುರಿನವರ ಮುಖ ನೋಡುವುದಿಲ್ಲ, ನೆಲ ನೋಡುತ್ತಾಳೆ.

ಆ ತಪ್ಪು ತಿಳಿಯಬೇಕಾದರೆ ಆಟದ ಪೊಲೀಸರ ರೀತಿನೀತಿ ಸ್ವಲ್ಪ ತಿಳಿಯಬೇಕು. ಪರದೆಯ ಮೂಲೆಯಲ್ಲಿ ಐದು ಕೆಂಪು ದೀಪಗಳಿವೆ. ಸ್ಕೂಟರು ಕದ್ದರೆ ಒಂದು ದೀಪ ಹೊತ್ತುತ್ತದೆ, ಒಂದು ಜೀಪು ಬರುತ್ತದೆ. ತಪ್ಪು ದೊಡ್ಡದಾದಷ್ಟೂ ದೀಪ ಹೆಚ್ಚು. ಐದೂ ಹೊತ್ತಿದರೆ ಹೆಲಿಕಾಪ್ಟರೇ ಬರುತ್ತದೆ. ಓಡುವವನು ತುಂಬ ಮುಂದೆ ಹೋದರೆ ಜೀಪಿನ ವೇಗ ಗುಟ್ಟಾಗಿ ಏರುತ್ತದೆ. ಅವನು ಎಲ್ಲಾದರೂ ಗುದ್ದಿ ತಡವರಿಸಿದರೆ ಜೀಪೂ ಸ್ವಲ್ಪ ನಿಧಾನಿಸುತ್ತದೆ. ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಹಗ್ಗ ಕಟ್ಟಿದ ಹಾಗೆ. ಹಗ್ಗ ಬಿಗಿಯಾದರೆ ಆಡುವವನಿಗೆ ಸಿಟ್ಟು ಬರುತ್ತದೆ, ಸಡಿಲವಾದರೆ ಆಕಳಿಕೆ ಬರುತ್ತದೆ. ಬೇಕಾದಾಗ ಹೊಸ ಜೀಪುಗಳನ್ನು ಆಟವೇ ತಂದು ನಿಲ್ಲಿಸುತ್ತದೆ, ಆದರೆ ಕಣ್ಣೆದುರು ಅಲ್ಲ, ತಿರುವಿನ ಆಚೆ. ಒಮ್ಮೆ ಇದು ತಪ್ಪಿ, ಮರದ ಮೇಲಿಂದ ಜೀಪೊಂದು ಹಲಸಿನ ಹಣ್ಣಿನ ಹಾಗೆ ದೊಪ್ಪನೆ ಬಿದ್ದಾಗ ಕಮಲ ಕೊಡ ಕೆಳಗಿಟ್ಟು ನಕ್ಕಿದ್ದರಂತೆ.

ಓಟಕ್ಕಿಂತ ಕಷ್ಟದ್ದು ಹುಡುಕಾಟ. ಪೊಲೀಸರ ಮುಂದೆ ಬೀಸಣಿಗೆಯ ಹಾಗೆ ಹರಡಿದ ಒಂದು ಜಾಗವಿದೆ. ಅದು ಅವರ ಕಣ್ಣು. ಅದರಿಂದ ಆಚೆ ದಾಟಿದರೆ ಓಡುವವನು ತಪ್ಪಿಸಿಕೊಂಡ ಹಾಗೆ, ಆದರೆ ದೀಪ ಕೂಡಲೇ ಆರುವುದಿಲ್ಲ. ಅವನು ಕೊನೆಗೆ ಕಂಡ ಜಾಗಕ್ಕೆ ಪೊಲೀಸರು ಬರುತ್ತಾರೆ, ಇಳಿಯುತ್ತಾರೆ, ಸುತ್ತಲೂ ಹುಡುಕುತ್ತಾರೆ. ಸ್ವಲ್ಪ ಹೊತ್ತು ಸಿಗದಿದ್ದರೆ ದೀಪಗಳು ಒಂದೊಂದಾಗಿ ನಂದುತ್ತವೆ. "ಓಡುವುದು ಎಲ್ಲರಿಗೂ ಆಗ್ತದೆ," ಎನ್ನುತ್ತಾಳೆ ಮೋಕ್ಷಿತಾ. "ಅಡಗಿ ಕೂತಾಗ ಎದೆ ಡಬಡಬ ಹೇಳ್ಬೇಕು. ಈಗ ಬರ್ತಾರೆ, ಈಗ ಬರ್ತಾರೆ ಅಂತ ಆಗ್ಬೇಕು. ಅದು ಇಲ್ಲದಿದ್ರೆ ಆಟ ಎಂತ ಆಟ?"

ಕೊಚ್ಚಿಯವರು ಸಂಜೆಯವರೆಗೆ ಮಾಡಿದ ಬದಲಾವಣೆ ರಾತ್ರಿ ಇವಳ ಕಂಪ್ಯೂಟರಿಗೆ ಇಳಿಯುತ್ತದೆ. ಅಲ್ಲಿಯ ಆಫೀಸು ತೆರೆಯುವ ಮೊದಲು ಇವಳು ನೋಡಿ ಮುಗಿಸಬೇಕು. ಹಾಗಾಗಿ ನಸುಕಿನ ಕೆಲಸ. ಒಂದು ಬೆಳಗಿಗೆ ನಲವತ್ತು ಐವತ್ತು ಸಲ ಕದಿಯಬೇಕು, ಅಷ್ಟೇ ಸಲ ಓಡಬೇಕು. ಒಂದೇ ಓಣಿಗೆ ಎಡದಿಂದ, ಬಲದಿಂದ, ಮಳೆಯಲ್ಲಿ, ಬಿಸಿಲಿನಲ್ಲಿ ನುಗ್ಗಿ ನೋಡಬೇಕು. ಆಟ ಪೇಟೆಗೆ ಬಂದ ಮೇಲೆ ಆಡುವವರು ಜೀಪು ಸಿಕ್ಕಿಕೊಂಡರೆ ಬೈಯುತ್ತಾರೆ. ಸಿಕ್ಕಿಕೊಳ್ಳದೆ ಚೆಂದಕ್ಕೆ ತಿರುಗಿದರೆ, ತಮಗಿಂತ ಮೊದಲು ಒಬ್ಬಳು ಈ ಓಣಿಯಲ್ಲಿ ಓಡಿ ದಾರಿ ಸರಿಮಾಡಿಸಿದ್ದಾಳೆ ಎಂದು ಅವರಿಗೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೇ ಅವಳ ಕೆಲಸ ಸರಿಯಾಗಿದೆ ಎಂದು ಅರ್ಥ.

ಊರಿನಲ್ಲೂ ಯಾರಿಗೂ ಗೊತ್ತಿಲ್ಲ. ಉದ್ಯೋಗ ಖಾತರಿಯ ಕೆಲಸದಲ್ಲಿ ಜೊತೆಯ ಹೆಂಗಸರು ಕೇಳಿದರೆ, ಮಗಳು ಕೊಚ್ಚಿ ಕಂಪೆನಿಯ ಲೆಕ್ಕ ನೋಡುತ್ತಾಳೆ ಎಂದು ಕಮಲ ಹೇಳಿಬಿಡುತ್ತಾರೆ. ತಂದೆ ಬಟ್ಯ ಅಷ್ಟೂ ಹೇಳುವುದಿಲ್ಲ. ಕಂಪ್ಯೂಟರಿನ ಕೆಲಸ ಎಂದು ಹೇಳಿ ಮಾತು ಬದಲಿಸುತ್ತಾರೆ. ಯಾಕೆ ಎಂದರೆ ಕಮಲ ಮೆಲ್ಲನೆ ವಿವರಿಸುತ್ತಾರೆ: "ಮಗಳು ಬೆಳಗಾಗುವ ಮೊದಲು ಎದ್ದು ಕದ್ದು ಪೊಲೀಸರಿಂದ ಓಡ್ತಾಳೆ ಅಂತ ಹೇಳ್ಲಿಕ್ಕೆ ಆಗ್ತದಾ? ಅದೂ ಈ ಕಾಲನಿಯಲ್ಲಿ ಕೂತು?"

ಕುಂಟಾಲಮೂಲೆ ಈಗ ಬೋರ್ಡಿನಲ್ಲಿ ಕಾಲನಿ ಅಲ್ಲ. ಪರಿಶಿಷ್ಟರ ವಸತಿಗೆ ಆ ಹೆಸರು ಬೇಡ ಎಂದು ಸರಕಾರ ಹೇಳಿದ ಮೇಲೆ ಪಂಚಾಯತಿನವರು ಹೊಸ ಬಣ್ಣ ಹೊಡೆದು ನಗರ ಎಂದು ಬರೆಸಿದ್ದಾರೆ. ಬಸ್ಸಿನ ಕಂಡಕ್ಟರ್ ಮಾತ್ರ ಇನ್ನೂ ಕಾಲನಿ ಸ್ಟಾಪ್ ಎಂದೇ ಕೂಗುವುದು. ಇಳಿಯುವವರು ಇಳಿಯುವುದೂ ಆ ಕೂಗಿಗೇ. ಗಾರೆ ಕಾಣದ ಕೆಂಪು ಮುರಕಲ್ಲಿನ ಗೋಡೆಗಳು, ಒಂದೆರಡು ಮನೆಗೆ ನೀಲಿ ಟರ್ಪಾಲು, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಒಂದು ಅಂಗಳ. ಬಟ್ಯರು ಮುರಕಲ್ಲಿನ ಕೋರೆಯಲ್ಲಿ ಕೈಯಿಂದ ಕಲ್ಲು ಕಡಿಯುತ್ತಿದ್ದವರು. ಯಂತ್ರ ಬಂದ ಮೇಲೆ ಅದೇ ಕೋರೆಯಲ್ಲಿ ಕಲ್ಲು ಲಾರಿಗೆ ಹೇರುತ್ತಾರೆ. ಮಗಳನ್ನು ಪಾಲಿಟೆಕ್ನಿಕ್‌ಗೆ ಕಳಿಸಿದವರು ಅವರೇ. ಅಲ್ಲಿಂದ ಬಂದು ಅವಳು ಮುಳ್ಳೇರಿಯದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಳು. ಬಿಡುವಿದ್ದಾಗ ರಿಪೇರಿಗೆ ಬಂದ ಫೋನುಗಳಲ್ಲಿ ಆಟ ಆಡಿ ನೋಡುವುದು ಅವಳ ಅಭ್ಯಾಸ. ಒಂದು ಆಟದಲ್ಲಿ ಕಂಡ ತಪ್ಪನ್ನು ಅದರ ಕಂಪೆನಿಗೆ ತಾನಾಗಿ ಬರೆದು ಕಳಿಸಿದಳು. ಆ ಒಂದು ಪತ್ರದಿಂದ ಕೆಲಸ ಸಿಕ್ಕಿತು.

ಕಂಪೆನಿಯಲ್ಲಿ ಪೊಲೀಸರ ಬೆನ್ನಟ್ಟುವಿಕೆಯ ವಿಭಾಗ ನೋಡಿಕೊಳ್ಳುವವನು ವಿಘ್ನೇಶ. ಮೀಂಜದ ಕಡೆಯ ಹುಡುಗ, ಅಡಿಕೆ ಕೃಷಿಕರ ಮನೆತನದವನು, ಈಗ ಕೊಚ್ಚಿವಾಸಿ. ಕನ್ನಡದಲ್ಲಿ ಮಾತಾಡಬಹುದು ಎನ್ನುವ ಕಾರಣಕ್ಕೇ ಮೋಕ್ಷಿತಾಳನ್ನು ತನ್ನ ವಿಭಾಗಕ್ಕೆ ಕೇಳಿ ತೆಗೆದುಕೊಂಡಿದ್ದ. ಅವಳು ಅವನನ್ನು ವಿಘ್ನೇಶಣ್ಣ ಎನ್ನುತ್ತಾಳೆ. ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿಬಿಡುತ್ತಾಳೆ, ಮುಂದೆ ಬರುವ ಸಂಗತಿಯಲ್ಲಿ ಯಾರೂ ಅವನನ್ನು ದೂರಬಾರದು ಎನ್ನುವ ಹಾಗೆ.

ಕಳೆದ ಮಳೆಗಾಲ ಶುರುವಾದ ಹೊತ್ತಿನ ಒಂದು ದಿನ ವಿಡಿಯೋ ಕರೆಯಲ್ಲಿ ಅವನು ಅವಳಿಗೆ ಒಂದು ಪ್ರಶ್ನೆ ಹಾಕಿದ. ಆಟದ ಹುಡುಕಾಟ ಯಾಕೋ ಸಪ್ಪೆಯಾಗಿತ್ತು. ಪೊಲೀಸರು ಬಂದು ನಿಂತಲ್ಲೇ ಸುತ್ತು ಹೊಡೆದು ಹೋಗುತ್ತಿದ್ದರು. ಕಳ್ಳ ಕಣ್ಣಿಗೆ ತಪ್ಪಿದ, ದೀಪ ಇನ್ನೂ ಉರಿಯುತ್ತಿದೆ. ನಮ್ಮ ಕಡೆಯಾದರೆ ಪೊಲೀಸರು ಮೊದಲು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ.

"ಕಾಲನಿಗೆ. ಮತ್ತೆಲ್ಲಿಗೆ?" ಎಂದಳು ಮೋಕ್ಷಿತಾ.

ಯೋಚನೆ ಮಾಡಿ ಹೇಳಿದ್ದಲ್ಲ. ನಳ್ಳಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದರೆ ಹೇಗೆ ಹೇಳುತ್ತಾಳೋ ಹಾಗೆ ಹೇಳಿದ್ದು. ವಿಘ್ನೇಶನಿಗೆ ಉತ್ಸಾಹ ಬಂತು. ಬಂದ ಮೇಲೆ ಎಂತ ಮಾಡುತ್ತಾರೆ, ಅಲ್ಲಿಯವರು ಎಂತ ಮಾಡುತ್ತಾರೆ ಎಂದು ಒಂದೊಂದಾಗಿ ಕೇಳಿದ. ಅವಳೂ ಒಂದೊಂದಾಗಿ ಹೇಳಿದಳು. ಬಾಗಿಲು ದೂಡುತ್ತಾರೆ. ಗಂಡಸರು ಹೊರಗೆ ಬರುತ್ತಾರೆ. ಮೊಣಕಾಲಿನ ಮೇಲೆ ಮಡಚಿ ಕಟ್ಟಿದ ಮುಂಡನ್ನು, ಅಂದರೆ ಪಂಚೆಯನ್ನು, ಮರ್ಯಾದೆಗೆಂದು ಕೆಳಗೆ ಇಳಿಬಿಡುತ್ತಾರೆ. ಅಂಗಳದ ಬದಿಯಲ್ಲಿ ನಿಲ್ಲುತ್ತಾರೆ. ಏನೂ ಕೇಳುವುದಿಲ್ಲ. "ಇದು ಚಿನ್ನ ಮಾರಾಯ್ತಿ," ಎಂದನಂತೆ ವಿಘ್ನೇಶ. "ಇದು ಯಾವ ದೊಡ್ಡ ಕಂಪೆನಿಯ ಆಟದಲ್ಲಿಯೂ ಇಲ್ಲ."

ಆ ದಿನ ಸಂಜೆ ಅವಳು ತಾಯಿಯ ಹತ್ತಿರ, ತನ್ನ ಮಾತನ್ನು ಕಂಪೆನಿಯವರು ತೆಗೆದುಕೊಂಡರು ಎಂದು ಹೇಳಿ ಹಿಗ್ಗಿದ್ದಳು. ಈಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಆ ಹಿಗ್ಗಿನ ಬಗ್ಗೆ.

ಕೆಲವೇ ವಾರದಲ್ಲಿ ಅವಳ ಮಾತು ಆಟಕ್ಕೆ ಇಳಿದು ಬಂತು. ಗುಡ್ಡದ ಬುಡದ ಕಾಲನಿಯಲ್ಲಿ ಕೆಂಪು ಕಲ್ಲಿನ ಗೋಡೆ, ನೀಲಿ ಟರ್ಪಾಲು. ಯಾರು ಎಲ್ಲಿ ಏನೇ ಕದಿಯಲಿ, ಕಣ್ಣಿಗೆ ತಪ್ಪಿದ ಕೂಡಲೇ ಜೀಪು ಅಲ್ಲಿಗೆ ಬಂದು ನಿಲ್ಲುತ್ತದೆ. ಬಾಗಿಲಿಗೆ ಒದೆ ಬೀಳುತ್ತದೆ. ಒಬ್ಬ ವಯಸ್ಸಾದವನು ಹೊರಗೆ ಬಂದು ಮುಂಡು ಇಳಿಸಿ ನಿಲ್ಲುತ್ತಾನೆ. ಮೋಕ್ಷಿತಾ ದಿನಾ ಬೆಳಿಗ್ಗೆ ಇದನ್ನು ಪರೀಕ್ಷೆ ಮಾಡಿದಳು. ಬಾಗಿಲು ತೆರೆದುಕೊಳ್ಳುವಾಗ ಗೋಡೆಯ ಒಳಗೆ ಹೋಗುತ್ತದೆ ಎಂದು ಬರೆದಳು. ಮುಂಡಿನ ಅಂಚು ಮುದುಕನ ಮೊಣಕಾಲಿನೊಳಗೆ ತೂರುತ್ತದೆ ಎಂದು ಬರೆದಳು. ಬೂಟಿನ ಸದ್ದು ಕಾಲು ಊರಿದ ಮೇಲೆ ಕೇಳುತ್ತದೆ, ಸ್ವಲ್ಪ ಮೊದಲು ಕೇಳಬೇಕು ಎಂದು ಬರೆದಳು. ಎಲ್ಲವೂ ಸರಿಯಾಗುತ್ತ ಬಂತು. ಬಾಗಿಲು ಚೆಂದಕ್ಕೆ ಮುರಿಯತೊಡಗಿತು.

ಒಂದು ಬೆಳಿಗ್ಗೆ ಬಟ್ಯರು ಕೋರೆಗೆ ಹೊರಡುವ ಮೊದಲು ಚಹಾ ಗ್ಲಾಸು ಹಿಡಿದು ಮಗಳ ಹಿಂದೆ ಬಂದು ಕೂತರು. ಸಾಮಾನ್ಯವಾಗಿ ಅವರು ಆಟ ನೋಡುವವರಲ್ಲ. ಆ ದಿನ ಲಾರಿ ತಡವೆಂದು ಫೋನು ಬಂದಿತ್ತು. ಮೋಕ್ಷಿತಾ ಪೇಟೆಯಲ್ಲಿ ಒಂದು ಕಾರು ಕದ್ದು, ಗುಡ್ಡ ಹತ್ತಿ, ದೊಡ್ಡ ಬಂಗಲೆಯ ಕಾರ್ ಶೆಡ್ಡಿನಲ್ಲಿ ಅಡಗಿದ್ದಳು. ಪರದೆಯ ಇನ್ನೊಂದು ಬದಿಯ ಕಿಟಕಿಯಲ್ಲಿ ಪೊಲೀಸರು ಏನು ಮಾಡುತ್ತಾರೆ ಎಂದು ಕಾಣುತ್ತದೆ. ಪರೀಕ್ಷೆ ಮಾಡುವವರಿಗೆ ಆ ಸೌಲಭ್ಯ ಇದೆ. ಜೀಪು ಗುಡ್ಡದ ಬುಡದಲ್ಲೇ ತಿರುಗಿ ಕಾಲನಿಯ ಅಂಗಳಕ್ಕೆ ಬಂತು.

ಕದ್ದದ್ದು ಯಾರು ಎಂದು ಬಟ್ಯರು ಕೇಳಿದರು. ತಾನು ಎಂದಳು ಮಗಳು. ಎಲ್ಲಿ ಅಡಗಿದ್ದಿ ಎಂದು ಕೇಳಿದರು. ಮೇಲೆ, ಬಂಗಲೆಯಲ್ಲಿ ಎಂದಳು. ಹಾಗಾದರೆ ಜೀಪು ಇಲ್ಲಿಗೆ ಯಾಕೆ ಬಂದದ್ದು ಎಂದು ಕೇಳಿದರು. ಅದು ಹಾಗೇ ಮಾಡಿ ಇಟ್ಟಿರುವುದು ಎಂದಳು.

"ಯಾರು ಇಟ್ಟದ್ದು?"

"ಕಂಪೆನಿಯವರು," ಎಂದಳು ಮೋಕ್ಷಿತಾ.

ಆ ಹೊತ್ತಿಗೆ ಪರದೆಯ ಮುದುಕ ಬಾಗಿಲಿನಿಂದ ಹೊರಗೆ ಬಂದು ಮುಂಡು ಇಳಿಸಿದ. ಬಟ್ಯರು ಗ್ಲಾಸು ಕೆಳಗಿಟ್ಟು, ಬಗ್ಗಿ, ಹತ್ತಿರದಿಂದ ನೋಡಿದರು. ಇನ್ನೊಮ್ಮೆ ತೋರಿಸಲು ಹೇಳಿದರು. ಅವಳು ತೋರಿಸಿದಳು. ಅವರು ಕಲ್ಲಿನ ಅಳತೆ ತಪ್ಪಿದಾಗ ಹೇಳುವ ದನಿಯಲ್ಲಿ ಹೇಳಿದರು: "ಅವ ಇಳಿಸಿದ್ದು ಸರಿ ಆಗ್ಲಿಲ್ಲ ಮಗಾ. ಒಂದು ಕೈಯಲ್ಲಿ ಇಳಿಸಿದ. ಒಂದು ಕೈ ಆದ್ರೆ ತೋಟದ ಧನಿಗಳಿಗೆ ಆಗ್ತದೆ. ಪೊಲೀಸರಿಗೆ ಎರಡೂ ಕೈ ಬೇಕು. ಇಲ್ಲದಿದ್ರೆ ಅಸಡ್ಡೆ ಅಂತ ಹೇಳ್ತಾರೆ."

ಅಷ್ಟು ಹೇಳಿ, ಗ್ಲಾಸು ತೊಳೆದಿಟ್ಟು, ಅವರು ಕೋರೆಗೆ ಹೋದರು. ಮೋಕ್ಷಿತಾ ಆ ಬೆಳಿಗ್ಗೆ ಮತ್ತೆ ಓಡಲಿಲ್ಲ. ತಂದೆ ಹೇಳಿದ ತಪ್ಪನ್ನು ಬರೆಯಬೇಕಾದದ್ದು ಅವಳ ಕೆಲಸ. ಅವಳು ಬರೆಯಲಿಲ್ಲ. ಕಂಡೂ ಕಂಪೆನಿಗೆ ಹೇಳದೆ ಬಿಟ್ಟ ತಪ್ಪು ಅದೊಂದೇ ಎನ್ನುತ್ತಾಳೆ.

ಎರಡು ಕೈಯ ವಿಷಯ ಬಟ್ಯರಿಗೆ ಹೇಗೆ ಗೊತ್ತು ಎಂದು ಕೇಳುವ ಅಗತ್ಯ ಕಾಲನಿಯಲ್ಲಿ ಯಾರಿಗೂ ಇಲ್ಲ. ಮೋಕ್ಷಿತಾ ಚಿಕ್ಕವಳಿದ್ದಾಗ ಮೇಲಿನ ತೋಟದಿಂದ ರಬ್ಬರ್ ಶೀಟು ಕಾಣೆಯಾದರೆ, ಯಾರದ್ದೋ ತೆಂಗಿನಕಾಯಿ ಕಡಿಮೆಯಾದರೆ, ಜೀಪು ಮೊದಲು ಬಂದು ನಿಲ್ಲುತ್ತಿದ್ದದ್ದು ಈ ಅಂಗಳದಲ್ಲಿ. ಒಮ್ಮೆ ಒಂದು ನೀರಿನ ಪಂಪು ಕಾಣೆಯಾಯಿತೆಂದು ಬಟ್ಯರನ್ನು ಕರೆದುಕೊಂಡು ಹೋಗಿ ಸಂಜೆಯವರೆಗೆ ಠಾಣೆಯಲ್ಲಿ ನಿಲ್ಲಿಸಿದ್ದರು. ಪಂಪನ್ನು ಧನಿಗಳ ಭಾವನೇ ರಿಪೇರಿಗೆ ಒಯ್ದಿದ್ದನಂತೆ. ಅದು ಗೊತ್ತಾದ ಮೇಲೆ ಹೋಗು ಎಂದರು, ಬಟ್ಯರು ನಡೆದು ಬಂದರು. ಹೇಳುವಾಗ ಅವರಿಗೆ ಸಿಟ್ಟಿಲ್ಲ. ಬಸ್ಸು ತಪ್ಪಿದ ಕಥೆ ಹೇಳಿದ ಹಾಗೆ ಹೇಳುತ್ತಾರೆ. "ಹೊಡೀಲಿಲ್ಲ. ಸುಳ್ಳು ಹೇಳ್ಬಾರದು, ಹೊಡೀಲಿಲ್ಲ. ಬೆಂಚು ಉಂಟು, ಕೂತ್ಕೋ ಅಂತ ಹೇಳ್ಲಿಲ್ಲ, ಅಷ್ಟೆ." ಈಗ ಕಾಲ ಬದಲಾಗಿದೆ ಎಂದೂ ಅವರೇ ಸೇರಿಸುತ್ತಾರೆ, ಜೀಪು ಬರದೆ ಎಷ್ಟೋ ವರ್ಷಗಳಾದವು.

ಬಾರದೆ ಹೋದ ಜೀಪನ್ನು ಮತ್ತೆ ಕರೆದು ತಂದವಳು ತಾನು ಎಂದು ಮೋಕ್ಷಿತಾಳಿಗೆ ಅನಿಸತೊಡಗಿತು. ಓಣಂಗೆ ಆಟ ಹೊರಬರುವುದಿತ್ತು. ಬಂದರೆ ಕಾಲನಿಯ ಮಕ್ಕಳೂ ಆಡುತ್ತಾರೆ; ಎಲ್ಲರ ಕೈಯಲ್ಲಿ ಫೋನಿದೆ. ಅವರು ಕದ್ದು ಓಡಿ ಗುಡ್ಡದ ಮೇಲೆ ಅಡಗುತ್ತಾರೆ, ಪೊಲೀಸರು ಅವರದೇ ಮನೆಯ ಹಾಗಿರುವ ಮನೆಗಳ ಬಾಗಿಲು ಒದೆಯುತ್ತಾರೆ, ಅವರು ನಗುತ್ತಾರೆ. ಅಜ್ಜ ಅಂಗಳದಲ್ಲಿ ನಿಂತು ಕಲಿತದ್ದನ್ನು ಮೊಮ್ಮಗ ಆಟದಲ್ಲಿ ಕಲಿತ ಹಾಗೆ ಆಗುತ್ತದೆ. ಅದಕ್ಕೆ ಮೊದಲು ಆ ಬಾಗಿಲುಗಳನ್ನು ಉಳಿಸಬೇಕಿತ್ತು.

ಅವಳು ಮೊದಲು ಮಾಡಿದ್ದು ತನಗೆ ಬರುವ ಕೆಲಸವನ್ನೇ. ಓಡಿದವನು ಗುಡ್ಡದ ಮೇಲಿದ್ದರೂ ಪೊಲೀಸರು ಕಾಲನಿಯನ್ನು ಹುಡುಕುತ್ತಾರೆ, ಇದು ತಪ್ಪು ಎಂದು ಬರೆದು ಕಳಿಸಿದಳು. ಇದು ತಪ್ಪಲ್ಲ, ಹೀಗೇ ಇರಬೇಕಾದದ್ದು ಎಂದು ಉತ್ತರ ಬಂತು. ವಿಘ್ನೇಶ ಫೋನೂ ಮಾಡಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ನೀನೇ ಹೇಳಿದ್ದಲ್ವಾ ಮಾರಾಯ್ತಿ?"

ಹೌದು ಎಂದಳು. ಅದರ ಮುಂದೆ ಹೇಳಬೇಕಾದ ಮಾತು ಬೇರೆ ಇತ್ತು. ಅದು ನಮ್ಮ ಮನೆ ವಿಘ್ನೇಶಣ್ಣ, ಆ ಮುದುಕ ನನ್ನ ಅಪ್ಪ ಎಂದು ಹೇಳಿದರೆ ಅವನು ಕೂಡಲೇ ತೆಗೆಸುತ್ತಿದ್ದ, ಅಂಥವನೇ. ಆದರೆ ಅವಳ ಮನೆ ಕಾಲನಿಯಲ್ಲಿ ಎಂದು ಅವನಿಗೆ ಗೊತ್ತಿರಲಿಲ್ಲ. ವಿಳಾಸ ಬರೆಯುವಾಗ ಕುಂಟಾಲಮೂಲೆ, ಕಾರಡ್ಕ ಎಂದಷ್ಟೇ ಬರೆದಿದ್ದಳು. ವಿಡಿಯೋ ಕರೆಯಲ್ಲಿ ಹಿಂದಿನ ಗೋಡೆ ಕಾಣದ ಹಾಗೆ ತಾಯಿಯ ಸೀರೆಯೊಂದನ್ನು ಪರದೆಯಾಗಿ ಕಟ್ಟುತ್ತಿದ್ದಳು. ವಿಘ್ನೇಶನೇ ಮಾತು ಮುಂದುವರಿಸಿದ. ತನ್ನ ಮನೆಗೂ ಚಿಕ್ಕಂದಿನಲ್ಲಿ ಪೊಲೀಸ್ ಜೀಪು ಬರುತ್ತಿತ್ತು, ಅಜ್ಜಿ ಮಾಡುವ ಕಾಫಿಗೆ ಎಸ್.ಐ. ಸೋತುಹೋಗಿದ್ದ, ಜೀಪಿನ ಸದ್ದು ಕೇಳಿದರೆ ಮಕ್ಕಳೆಲ್ಲ ಅವನ ಟೋಪಿ ಹಾಕಿಕೊಂಡು ನೋಡಲು ಓಡುತ್ತಿದ್ದರು ಎಂದು ಹೇಳಿ ನಕ್ಕ. ಅವಳೂ ನಕ್ಕಳು.

ಆಮೇಲೆ ಅವಳು ಬೇರೆ ದಾರಿ ಹಿಡಿದಳು. ಹಲವು ಬೆಳಗು ಒಂದೇ ಕೆಲಸ ಮಾಡಿದಳು: ಕದಿಯುವುದು, ಗುಡ್ಡ ಹತ್ತುವುದು, ಬಂಗಲೆಯ ಶೆಡ್ಡಿನಲ್ಲಿ ಕೂರುವುದು. ಸ್ಕೂಟರು ಕದ್ದು ಕೂತಳು, ಬ್ಯಾಂಕಿಗೆ ನುಗ್ಗಿ ಕೂತಳು, ಐದೂ ದೀಪ ಹೊತ್ತಿಸಿಕೊಂಡು ಕೂತಳು. ಒಂದು ಸಲವೂ ಯಾವ ಪೊಲೀಸನೂ ಅಲ್ಲಿಗೆ ಬರಲಿಲ್ಲ. ಹೆಲಿಕಾಪ್ಟರು ಕಾಲನಿಯ ಮೇಲೆ ದೀಪ ಹಾಯಿಸಿ ವಾಪಸು ಹೋಯಿತು. ಎಲ್ಲವನ್ನೂ ರೆಕಾರ್ಡ್ ಮಾಡಿ ಕೊಚ್ಚಿಗೆ ಕಳಿಸಿ, ಕೆಳಗೆ ಹೀಗೆ ಬರೆದಳು: ಬಂಗಲೆಗೆ ಹೋದರೆ ಆಟ ಮುಗಿಯಿತು, ಇದು ಗೊತ್ತಾದರೆ ಯಾರೂ ಹೆದರುವುದಿಲ್ಲ, ಹೆದರದವನು ಮರುದಿನ ಆಡುವುದಿಲ್ಲ.

ಕೊಚ್ಚಿಯಲ್ಲಿ ಗಲಿಬಿಲಿಯಾಯಿತು. ಅದೇ ವಾರ ಇಡೀ ಹುಡುಕಾಟವನ್ನು ಬಿಚ್ಚಿ ಹೊಸದಾಗಿ ಕಟ್ಟಿದರು. ಈಗ ಪೊಲೀಸರು ಕಳ್ಳ ಕೊನೆಗೆ ಕಂಡ ಜಾಗದಿಂದ ಹುಡುಕುತ್ತಾರೆ. ಹತ್ತಿರ ಬಂಗಲೆ ಇದ್ದರೆ ಬಂಗಲೆ, ಐಸ್ ಪ್ಲಾಂಟು ಇದ್ದರೆ ಐಸ್ ಪ್ಲಾಂಟು, ಕಾಲನಿ ಇದ್ದರೆ ಕಾಲನಿ. ಒದೆಯುವುದನ್ನು ತೆಗೆದು ತಟ್ಟುವುದನ್ನು ಇಟ್ಟರು. ಬಂಗಲೆಯ ತೇಗದ ಬಾಗಿಲು ಒದ್ದರೆ ಮುರಿಯುವ ಹಾಗೆ ಮಾಡಲು ತುಂಬ ಕೆಲಸ ಇದೆ ಎಂದು ಆಟದ ಚಿತ್ರ ಬಿಡಿಸುವವರು ಹೇಳಿದರಂತೆ. ವಿಘ್ನೇಶ ಎಲ್ಲರೆದುರು ಅವಳನ್ನು ಹೊಗಳಿದ.

ಹೊಗಳಿಕೆಯನ್ನು ಕೇಳಿಸಿಕೊಂಡಾಗ ಹೇಗಾಯಿತು ಎಂದು ಕೇಳಿದರೆ ಮೋಕ್ಷಿತಾ ಹಿಂದಕ್ಕೆ ಕೈ ಚಾಚುತ್ತಾಳೆ. ಸೀರೆಯ ಪರದೆ ಈಗಲೂ ಹಿಂದೆ ಇದೆ. ಅದರ ಅಂಚನ್ನು ಎಳೆದು ಸರಿಮಾಡುತ್ತ ಹೇಳುತ್ತಾಳೆ: "ನಾನು ಹೇಳಿದ್ದು ಆಟ ಹಾಳಾಗ್ತದೆ ಅಂತ. ನಮ್ಮ ಮರ್ಯಾದೆ ಹೋಗ್ತದೆ ಅಂತ ಹೇಳ್ಲಿಲ್ಲ. ಅದನ್ನು ಹೇಳಿದ್ರೂ ಅವರು ಕೇಳ್ತಿದ್ರು. ನನಗೇ ಬಾಯಿ ಬರ್ಲಿಲ್ಲ."

ಬಾಗಿಲು ಉಳಿಯಿತು, ಆದರೆ ಒಂದು ಕೆಲಸ ಬಾಕಿಯಿತ್ತು. ಪೊಲೀಸರು ಎಲ್ಲರ ಮನೆಗೂ ಬರುವುದಾದ ಮೇಲೆ ಎಲ್ಲರಿಗೂ ಒಂದೊಂದು ಮಾತು ಬೇಕಲ್ಲ. ಯಾವ ಮನೆಯವರು ಬಾಗಿಲು ತೆರೆದು ಏನು ಹೇಳುತ್ತಾರೆ ಎಂದು ಕೊಚ್ಚಿಯಿಂದ ಬರೆದು ಕಳಿಸಿದರು. ಬಂಗಲೆಯ ಯಜಮಾನನಾದರೆ ಯಾರು, ಏನು ವಿಷಯ ಎಂದು ಗದರುತ್ತಾನೆ. ಐಸ್ ಪ್ಲಾಂಟಿನವನು ಮಾಲಕರು ಇಲ್ಲ ಎನ್ನುತ್ತಾನೆ. ಕಾಲನಿಯ ಮುದುಕನ ಮುಂದೆ ಜಾಗ ಖಾಲಿ ಇತ್ತು. ಏನೂ ಕೇಳುವುದಿಲ್ಲ ಎಂದು ಅವಳೇ ಹೇಳಿದ್ದಳಲ್ಲ.

ಅವಳು ಅಲ್ಲಿ ಒಂದು ಮಾತು ತುಂಬಿದಳು. ಮನೆಯ ಭಾಷೆಯಾದ ತುಳುವಿನಲ್ಲಿ, "ದಾಯೆಗ್ ಬತ್ತಿನಿ?" ಎಂದು. ಎಂತಕ್ಕೆ ಬಂದದ್ದು ಎಂದು ಅರ್ಥ. ಮುದುಕನ ದನಿ ಬೇಕು, ಸಿಗುತ್ತದಾ ಎಂದು ವಿಘ್ನೇಶ ಕೇಳಿದ. ಸಿಗುತ್ತದೆ ಎಂದಳು.

ಆ ದನಿ ಸಿಗಬೇಕಾದರೆ ತಂದೆಗೆ ನಿಜ ಹೇಳಬೇಕಿತ್ತು. ಭಾನುವಾರ ಮಧ್ಯಾಹ್ನ ಊಟವಾಗಿ ಬಟ್ಯರು ಜಗಲಿಯಲ್ಲಿ ವೀಳ್ಯಕ್ಕೆ ಸುಣ್ಣ ಸವರುತ್ತಿದ್ದಾಗ ಹೋಗಿ ಕೂತಳು. "ಅದು ಇಟ್ಟದ್ದು ಕಂಪೆನಿಯವರಲ್ಲ ಅಪ್ಪ. ಜೀಪು ಮೊದಲು ಎಲ್ಲಿಗೆ ಹೋಗ್ತದೆ ಅಂತ ಕೇಳಿದ್ರು. ನಾನೇ ಹೇಳಿದ್ದು. ಮುಂಡಿನದ್ದೂ ನಾನೇ ಹೇಳಿದ್ದು."

ಬಟ್ಯರು ಎಲೆ ಮಡಚಿ ಬಾಯಿಗಿಟ್ಟು, ಅಗಿದು, ಹೇಳಿದರು: "ಕೇಳಿದ್ರು, ಹೇಳಿದ್ದಿ. ಇಲ್ಲದ್ದು ಎಂತ ಹೇಳ್ಲಿಲ್ಲಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುತ್ತಾಳೆ ಮಗಳು. ತಂದೆ ತನ್ನ ಮುಖ ನೋಡದೆ ಅಂಗಳದ ಕಡೆ ನೋಡುತ್ತ ಹೇಳಿದ್ದರಿಂದ, ಅವರಿಗೆ ಅವಮಾನ ಆದದ್ದು ಜೀಪಿನಿಂದಲ್ಲ, ಅವರು ನಿಲ್ಲುತ್ತಿದ್ದ ರೀತಿಯನ್ನು ಮಗಳು ಅಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದಳು ಎನ್ನುವುದರಿಂದ ಎಂದು ಅವಳಿಗೆ ಆಗ ಹೊಳೆಯಿತು.

ರೆಕಾರ್ಡು ಮಾಡಲು ಒಪ್ಪಿದರು. ಒಳಕೋಣೆಯಲ್ಲಿ ಹೊರಗಿನ ಸದ್ದು ಬರಬಾರದೆಂದು ಕಂಬಳಿ ಹೊದ್ದು, ಮಗಳ ಫೋನನ್ನು ಬಾಯಿಯ ಹತ್ತಿರ ಹಿಡಿದು, ಮೊದಲ ಸಲ ಹೇಳಿದರು: "ದಾಯೆಗ್ ಬತ್ತಿನಿ ಸಾರ್?"

ಕೊನೆಯ ಆ ಮಾತು ಬೇಡ ಎಂದಳು ಮೋಕ್ಷಿತಾ. ಸರಿ ಎಂದು ಇನ್ನೊಮ್ಮೆ ಹೇಳಿದರು. ಮತ್ತೆ ಸಾರ್ ಬಂತು. ಅವರಿಗೇ ನಗು ಬಂತು. "ನಾನು ಹೇಳುವುದಲ್ಲ ಮಗಾ, ಅದೇ ಬರುವುದು." ಮೂರನೆಯ ಸಲ ಸಾರ್ ಮೊದಲೇ ಬಂದುಬಿಟ್ಟಿತು. ಬಾಗಿಲ ಹೊರಗೆ ಸದ್ದು ಮಾಡದೆ ಕೂತಿರಬೇಕಾಗಿದ್ದ ಕಮಲರಿಗೆ ತಡೆಯಲಿಲ್ಲ. ನನ್ನ ಹತ್ತಿರ ತೋರಿಸುವ ಜೋರೆಲ್ಲ ಈಗ ಎಲ್ಲಿಗೆ ಹೋಯಿತು ಎಂದು ಕುಟುಕಿದರು. ಬಟ್ಯರು ಕಂಬಳಿಯ ಒಳಗಿಂದಲೇ, ನಿನ್ನನ್ನು ಜೀಪಿನಲ್ಲಿ ಕೂರಿಸಿ ತಂದರೆ ನಿನಗೂ ಸಾರ್ ಹೇಳುತ್ತೇನೆ ಎಂದರು. ಆಮೇಲೆ ನೀರು ಕುಡಿದರು. ಮುಂಡು ಬಿಚ್ಚಿ ಸರಿಯಾಗಿ ಉಟ್ಟರು. ಕಂಬಳಿ ಸೆಕೆ ಎಂದು ತೆಗೆದುಹಾಕಿ, ನೆಲದ ಮೇಲೆ ಕೂತು, ಫೋನಿನ ಕಡೆ ನೋಡದೆ, ಮಾತು ಮುಗಿದ ಕೂಡಲೇ ತುಟಿ ಒತ್ತಿ ಹಿಡಿದರು. ಸಾರ್ ಒಳಗೇ ಉಳಿಯಿತು.

ಅದನ್ನೇ ಕೊಚ್ಚಿಗೆ ಕಳಿಸಿದಳು. ಧ್ವನಿಯ ವಿಭಾಗದವರು ಕೇಳಿ, ದನಿ ತೀರಾ ಸಣ್ಣದಾಯಿತು, ಸ್ವಲ್ಪ ಸಿಟ್ಟಿನಿಂದ ಜೋರಾಗಿ ಹೇಳಿಸಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದು ಬರೆದಳು. ನಾವೇ ಇಲ್ಲಿ ಏರಿಸುತ್ತೇವೆ ಎಂದರು. ಅದೂ ಬೇಡ ಎಂದಳು. ಕೆಲಸಕ್ಕೆ ಸೇರಿದ ಮೇಲೆ ಕಂಪೆನಿಗೆ ಅವಳು ಬೇಡ ಎಂದು ಹೇಳಿದ್ದು ಅದೇ ಮೊದಲು. ಯಾಕೆ ಎಂದು ವಿಘ್ನೇಶ ಕೇಳಿದಾಗ, ಅದು ನನ್ನ ಅಪ್ಪನ ದನಿ, ನಮ್ಮ ಮನೆ ಕಾಲನಿಯಲ್ಲಿ ಎಂದು ಹೇಳಿಬಿಟ್ಟಳು. ಅವನು, ಸರಿ, ಹಾಗೇ ಇರಲಿ ಎಂದ.

ಆಟದಲ್ಲಿ ಈಗ ಆ ಮಾತು ಇದೆ. ಸೈರನಿನ ಸದ್ದಿನಲ್ಲಿ ಹೆಚ್ಚಿನವರಿಗೆ ಅದು ಕೇಳಿಸುವುದೂ ಇಲ್ಲ; ತುಳು ಬಾರದವರಿಗೆ ಅರ್ಥವಾಗುವುದೂ ಇಲ್ಲ. ಇದರ ಬಗ್ಗೆ ಮೋಕ್ಷಿತಾಳಿಗೆ ದೂರಿಲ್ಲ. ಸೀರೆಯ ಪರದೆಯನ್ನು ಇನ್ನೂ ತೆಗೆದಿಲ್ಲವಲ್ಲ ಎಂದರೆ, ತೆಗೆಯಬೇಕು, ಸ್ವಲ್ಪ ದಿನ ಹೋಗಲಿ ಎನ್ನುತ್ತಾಳೆ. ತಂದೆಯ ಮಾತು ಬಂದಾಗ ಮಾತ್ರ ಅವಳು ನೆಲದಿಂದ ಕಣ್ಣೆತ್ತಿ ನೇರವಾಗಿ ನೋಡುತ್ತಾಳೆ.

"ಅಪ್ಪ ಜೋರಾಗಿ ಕೇಳ್ಲಿಲ್ಲ, ಮೆಲ್ಲಗೆ ಕೇಳಿದ್ದು," ಎನ್ನುತ್ತಾಳೆ. "ಆದ್ರೆ ಕೇಳಿದ್ರು."